ಒಂದೇ ಗರಕ್ಕೆ ಸಾವು

ಚೌಕಾಬಾರದ ಮನೆ ಬರೆಯಲು ಸೀಮೆಸುಣ್ಣದ ಒಂದು ತುಂಡು ಸಾಕು. ಅದೂ ಸಿಗದಿದ್ದರೆ ಇದ್ದಿಲು. ಐದಕ್ಕೆ ಐದು, ಒಟ್ಟು 25 ಮನೆ. ನಾಲ್ಕು ಅಂಚುಗಳ ನಡುಮನೆಗೆ ಒಂದೊಂದು ಕತ್ತರಿ ಗೀಟು, ಎಲ್ಲಕ್ಕೂ ಮಧ್ಯದ ಮನೆಗೆ ಇನ್ನೊಂದು. ಗೀಟು ಬಿದ್ದ ಮನೆ ಕಟ್ಟೆ. ಕಟ್ಟೆಯ ಮೇಲೆ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಎದುರಾಳಿಯ ಕಾಯಿ ಬಂದರೂ ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಅಲ್ಲಿಂದ ಇಳಿದ ಮೇಲೆ ಮಾತ್ರ ಕಾಯಿಗೆ ಗ್ಯಾರಂಟಿ ಇಲ್ಲ. ಹಿಂದೆ ಬರುವವನಿಗೆ ಸರಿಯಾದ ಗರ ಬಿತ್ತೋ, ಕಾಯಿ ಎದ್ದು ಹೊರಟ ಮನೆಗೇ ವಾಪಸು.

ಹೊರಸುತ್ತಿನಲ್ಲಿ 16 ಮನೆ, ಅದರಲ್ಲಿ ನಾಲ್ಕು ಕಟ್ಟೆ. ಯಾವ ಕಟ್ಟೆಯಿಂದ ಎಣಿಸಿದರೂ ನಾಲ್ಕನೆಯ ಮನೆ ಮುಂದಿನ ಕಟ್ಟೆ, ಎಂಟನೆಯದು ಅದರಾಚೆಯದು. ಕವಡೆ ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅದಕ್ಕೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅದಕ್ಕೆ ಎಂಟು. ಹಾಗಾಗಿ ಆಟಕ್ಕೆ ಹೆಸರು ಕೊಟ್ಟ ಎರಡೂ ಗರಗಳು ಕಾಯಿಯನ್ನು ಬಯಲು ಮುಟ್ಟಿಸದೆ ಕಟ್ಟೆಯಿಂದ ಕಟ್ಟೆಗೆ ದಾಟಿಸುತ್ತವೆ, ಮೇಲೆ ಇನ್ನೊಂದು ಎಸೆತವನ್ನೂ ಕೊಡುತ್ತವೆ. ಕವಡೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ (ನಿಜಕ್ಕೂ ಬೀಳುವುದಿಲ್ಲ, ಒಂದೊಂದು ಕವಡೆಗೆ ಒಂದೊಂದು ಹಟ) 16 ಎಸೆತಕ್ಕೆ ಒಂದು ಚೌಕ, ಒಂದು ಬಾರ. ಉಳಿದ 14 ಸಲ ಒಂದು, ಎರಡು ಅಥವಾ ಮೂರು. ಕಟ್ಟೆಯಿಂದ ಹೊರಟವನಿಗೆ ಈ ಮೂರರಲ್ಲಿ ಯಾವುದು ಬಿದ್ದರೂ ಬಯಲೇ ಗತಿ.

ಈಗಷ್ಟೇ ಹೊರಟ ಕಾಯಿ ಕಡಿಸಿಕೊಂಡರೆ ಹೋಗುವುದು ಎರಡು ಮೂರು ಮನೆಯ ನಡಿಗೆ. ಸುತ್ತು ಮುಗಿಸಿ ಒಳಸುತ್ತಿನ ಹೊಸ್ತಿಲಿಗೆ ಬಂದ ಕಾಯಿಗಾದರೆ 15 ಮನೆ, ಐದಾರು ಸರದಿಯ ದುಡಿಮೆ. ಒಳಸುತ್ತಿನ ಎಂಟು ಮನೆಗಳಲ್ಲಂತೂ ಕಟ್ಟೆಯೇ ಇಲ್ಲ. ಮಧ್ಯದ ಕಟ್ಟೆ ಸೇರಿ ಹಣ್ಣಾಗಲು ಒಂದೇ ಮನೆ ಇರುವಾಗ ಕಡಿಸಿಕೊಂಡವರ ಮುಖವನ್ನು ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗೆ ಸೌದೆ ಒಡ್ಡುತ್ತಾ ರಾತ್ರಿ ಕಾಯುವವರ ಗುಂಪಿನಲ್ಲಿ ನೋಡಬೇಕು. ಹಾಗೆಂದು ಕಟ್ಟೆ ಹಿಡಿದು ಕೂತೇ ಆಟ ಮುಗಿಸುತ್ತೇನೆ ಎನ್ನುವಂತಿಲ್ಲ. ಒಬ್ಬರನ್ನಾದರೂ ಕಡಿಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಹೇಡಿಗೂ ಹುಂಬನಿಗೂ ಏಕಕಾಲದಲ್ಲಿ ಮೂಗುದಾರ ಹಾಕಿದ ಆಟ ಇದು. ಬರೆದವರು ಯಾರೋ, ಲೆಕ್ಕ ಬಲ್ಲವರು.

ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗರು ಈಗ ಇನ್ನೊಂದು ಆಟ ಕಲಿತು ಬರುತ್ತಾರೆ. ಹಬ್ಬಕ್ಕೆ ಹನಗೋಡಿಗೆ ಬಂದ ನನ್ನ ತಂಗಿಯ ಮಗ ಒಂದು ಚೀಲದ ತುಂಬ ಬಣ್ಣಬಣ್ಣದ ದಾಳ ತಂದಿದ್ದ. ನಾಲ್ಕು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದು. ಮನೆ ಬರೆಯುವುದಿಲ್ಲ, ಕಾಯಿ ಇಡಲೇಬೇಕೆಂದೂ ಇಲ್ಲ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಬ್ಬೊಬ್ಬ ಪಾತ್ರ. ‘ನಿಮ್ಮೆದುರು ಒಂದು ಬಾಗಿಲು’ ಎಂದು ಅವನು ಹೇಳಿದರೆ, ತೆರೆಯುತ್ತೇನೋ ಒದೆಯುತ್ತೇನೋ ಕಿವಿಗೊಟ್ಟು ಕೇಳುತ್ತೇನೋ ಎಂಬುದನ್ನು ಇವರು ಹೇಳಬೇಕು. ಫಲ ಏನೆಂದು ಅನುಮಾನವಿದ್ದಲ್ಲಿ ದಾಳ. ತಾಳಮದ್ದಲೆಯ ಅರ್ಥಗಾರಿಕೆಗೆ ದಾಳ ಸೇರಿಸಿದಂತೆ ಎಂದರೆ ಸುಮಾರಾಗಿ ಅರ್ಥವಾದೀತು. ಹುಡುಗ ಬಂದಾಗ ಮುಖ ಊದಿಸಿಕೊಂಡಿದ್ದ.

‘ಬಾಗ್ಲು ತೆಗ್ದೆ ಅಷ್ಟೇ ಮಾವ. ಹಿಡಿಲಿ ವಿಷದ್ ಸೂಜಿ ಇತ್ತಂತೆ. ದಾಳ ಹಾಕು ಅಂದ್ರು, ಬೀಳ್ಲಿಲ್ಲ. ಸತ್ತೋದೆ. ಎಷ್ಟು ತಿಂಗ್ಳಿಂದ ಆಡ್ತಿದ್ದ ಪಾತ್ರ ಗೊತ್ತಾ?’

ಅವನಿಗೆ ಬೀಳದಿದ್ದ ಆ ದಾಳಕ್ಕೆ ಸೇವಿಂಗ್ ಥ್ರೋ ಎನ್ನುತ್ತಾರೆ. ಉಳಿಯುವ ಗರ ಎಂದುಕೊಳ್ಳೋಣ. ವಿಷ, ಶಾಪ, ಮಾಟ, ಬೆಂಕಿ, ಏನಾದರೊಂದು ಮೈಮೇಲೆ ಬಂದಾಗ ಪಾತ್ರಕ್ಕೆ ಸಿಗುವ ಕಡೆಯ ಎಸೆತ. ಬಿದ್ದರೆ ಬದುಕು ಅಥವಾ ಅರೆಪೆಟ್ಟು, ಬೀಳದಿದ್ದರೆ ಪೂರಾ ಪೆಟ್ಟು. ಕೆಲವು ಕಡೆ ಪೂರಾ ಪೆಟ್ಟೆಂದರೆ ನೇರ ಸಾವು. ಈ ಆಟಗಳ ಲೋಕದಲ್ಲಿ ಐವತ್ತು ವರ್ಷದಿಂದ ಮುಗಿಯದ ಜಗಳಗಳಲ್ಲಿ ಇದೂ ಒಂದು: ಒಂದೇ ಎಸೆತಕ್ಕೆ ಪಾತ್ರವನ್ನು ಕೊಲ್ಲುವುದು ನ್ಯಾಯವೇ?

ಜಗಳದ ಹುಟ್ಟು 1974ರಲ್ಲಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಲೇಕ್ ಜಿನೀವಾ ಎಂಬ ಸಣ್ಣ ಊರು. ಅಲ್ಲಿಯ ಗ್ಯಾರಿ ಗೈಗ್ಯಾಕ್ಸ್, ಮಿನೆಸೋಟಾದ ಡೇವ್ ಆರ್ನೆಸನ್ ಇಬ್ಬರೂ ಸೇರಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಆಟ ಕಟ್ಟಿದರು. ಒಂದು ಪೆಟ್ಟಿಗೆ, ಒಳಗೆ ಮೂರು ಕಿರುಪುಸ್ತಕ, ಮೊದಲ ಮುದ್ರಣ 1,000 ಪ್ರತಿ. ಇಬ್ಬರೂ ಮೂಲತಃ ಸೀಸದ ಬೊಂಬೆ ಸೈನಿಕರನ್ನು ಮೇಜಿನ ಮೇಲೆ ಹರವಿ ಯುದ್ಧದಾಟ ಆಡುತ್ತಿದ್ದವರು. ಉಳಿಯುವ ಗರವೂ ಆ ಮೇಜಿನಿಂದಲೇ ಬಂದದ್ದು. ಇಂಗ್ಲೆಂಡಿನ ಟೋನಿ ಬಾತ್ ಎಂಬಾತ 1950ರ ದಶಕದಲ್ಲಿ ಬರೆದ ಯುದ್ಧದಾಟದ ನಿಯಮಗಳಲ್ಲಿ ಬಾಣ ತಗುಲಿದ ಸೈನಿಕ ತಕ್ಷಣ ಸಾಯುತ್ತಿರಲಿಲ್ಲ, ಅವನ ಕವಚದ ಪಾಲಿಗೆ ಇನ್ನೊಂದು ದಾಳ ಹಾಕುತ್ತಿದ್ದರು. ಕವಚ ದಪ್ಪವಿದ್ದಷ್ಟೂ ಉಳಿಯುವುದು ಸಲೀಸು. ಗೈಗ್ಯಾಕ್ಸ್ ಇದನ್ನೇ ಕವಚ ತಡೆಯಲಾಗದ ಅಪಾಯಗಳಿಗೆ ಎಳೆದು ತಂದ.

1974ರ ಪುಸ್ತಕದಲ್ಲಿ ಇದಕ್ಕೊಂದು ಕೋಷ್ಟಕವಿದೆ. ಐದು ಕಾಲಂ: ಸಾವಿನ ಕಿರಣ ಅಥವಾ ವಿಷ, ಮಂತ್ರದಂಡ, ಕಲ್ಲಾಗುವುದು, ಡ್ರ್ಯಾಗನ್ನಿನ ಉಸಿರು, ಕಡೆಗೆ ಮಂತ್ರಗಳು. ಕಲ್ಲಾಗುವುದಕ್ಕೆ ಪ್ರತ್ಯೇಕ ಕಾಲಂ ಇಟ್ಟಿರುವುದನ್ನು ನೋಡಿ ನನಗೆ ಅಹಲ್ಯೆ ನೆನಪಾದಳು. ಅವಳಿಗೆ ಯಾರೂ ದಾಳ ಕೊಡಲಿಲ್ಲ. ಹೊಸದಾಗಿ ಹೊರಟ ಯೋಧ ವಿಷದಿಂದ ಉಳಿಯಲು ಇಪ್ಪತ್ತು ಮುಖದ ದಾಳದಲ್ಲಿ 12 ಅಥವಾ ಮೇಲೆ ಬೀಳಬೇಕು. ಒಂಬತ್ತು ಮುಖ ಅವನ ಪರ, ಹನ್ನೊಂದು ಯಮನ ಪರ. ನೂರಕ್ಕೆ 45. ಆಡಿ ಆಡಿ ಹದಿಮೂರನೇ ಮಟ್ಟಕ್ಕೆ ಏರಿದರೆ 4 ಬಿದ್ದರೂ ಸಾಕು, ನೂರಕ್ಕೆ 85.

85 ಎಂದರೆ ಡಿಸ್ಟಿಂಕ್ಷನ್ ಎನಿಸುತ್ತದೆ. ಆದರೆ ಈ ಗರ ಒಮ್ಮೆ ಹಾಕಿ ಮುಗಿಯುವಂಥದ್ದಲ್ಲ. ಹದಿಮೂರನೇ ಮಟ್ಟದ ಹುಲಿಯಂಥ ಯೋಧನಿಗೂ ವಿಷ ಹತ್ತು ಸಲ ಎದುರಾದರೆ ಹತ್ತನ್ನೂ ದಾಟುವ ಸಾಧ್ಯತೆ ನೂರಕ್ಕೆ 20 ಕೂಡ ಇಲ್ಲ. ಹೊಸಬನಿಗೆ ಮೂರು ಸಲ ಎದುರಾದರೇ ನೂರಕ್ಕೆ 9. ದಾಳಕ್ಕೆ ನೆನಪಿಲ್ಲ, ಹಿಂದೆ ಎಷ್ಟು ಸಲ ಗೆದ್ದಿದ್ದೀರಿ ಎಂದು ಅದು ಕೇಳುವುದೂ ಇಲ್ಲ. ಆದ್ದರಿಂದ ‘ಸೇವಿಂಗ್ ಥ್ರೋ ಕೊಟ್ಟಿದ್ದೇನಲ್ಲ, ಇನ್ನೇನು ಬೇಕು’ ಎಂದು ಕಥೆ ನಡೆಸುವವ ಕೈ ತೊಳೆದುಕೊಂಡರೆ ಸಾಲದು. ಹತ್ತು ಬಾಗಿಲಿಗೆ ಹತ್ತು ಸೂಜಿ ಇಟ್ಟವನು ಪಾತ್ರವನ್ನು ಕೊಂದೇ ಇಟ್ಟಿದ್ದಾನೆ, ಯಾವ ಬಾಗಿಲಲ್ಲಿ ಎಂಬುದಷ್ಟೇ ಬಾಕಿ.

ಗೈಗ್ಯಾಕ್ಸ್‌ಗೂ ಟೀಕೆ ಬಂದದ್ದು ಎದುರು ದಿಕ್ಕಿನಿಂದ. ಬಂಡೆಗೆ ಸರಪಳಿಯಲ್ಲಿ ಕಟ್ಟಿಹಾಕಿದ ಮನುಷ್ಯ ಡ್ರ್ಯಾಗನ್ನಿನ ಬೆಂಕಿಯಿಂದ ಹೇಗಯ್ಯಾ ಉಳಿಯುತ್ತಾನೆ, ಇದೆಂಥ ನಿಯಮ ಎಂದು ಯಾರೋ ಕೇಳಿದರಂತೆ. ಯಾಕೆ ಉಳಿಯಬಾರದು ಎಂದು ಆತ 1979ರಲ್ಲಿ ಬಂದ ಕೈಪಿಡಿಯಲ್ಲಿ ಮರುಪ್ರಶ್ನೆ ಹಾಕಿದ. ಬಂಡೆಯಲ್ಲಿ ಬಿರುಕಿದ್ದೀತು, ಸರಪಳಿ ಸಡಿಲಿದ್ದೀತು. ನಾಯಕನಾದವನಿಗೆ ಎಳೆಯಷ್ಟಾದರೂ ಅವಕಾಶ ಇರಬೇಕೆಂಬುದು ಆತನ ವಾದ. ಗರ ಬಿದ್ದ ಮೇಲೆ ಅದು ಹೇಗಾಯಿತು ಎಂಬ ಕಥೆ ಕಟ್ಟಿಕೊಳ್ಳಬಹುದು. ಮೊದಲು ಗರ, ಆಮೇಲೆ ಕಾರಣ. ನಮ್ಮ ಹರಿಕಥೆ ದಾಸರಿಗೆ ಈ ಕ್ರಮ ಹೊಸದಲ್ಲ.

ಇದೇ ಗೈಗ್ಯಾಕ್ಸ್ ಎಳೆಯಷ್ಟೂ ಅವಕಾಶವಿಲ್ಲದ ಒಂದು ಸಾವನ್ನೂ ಕಟ್ಟಿದ್ದಾನೆ. 1975ರಲ್ಲಿ ಬಾಲ್ಟಿಮೋರ್‌ನಲ್ಲಿ ನಡೆದ ಒರಿಜಿನ್ಸ್ ಎಂಬ ಆಟಗಾರರ ಮೇಳಕ್ಕೆಂದು ಬರೆದ, 1978ರಲ್ಲಿ ಅಚ್ಚಾದ ‘ಟೂಂಬ್ ಆಫ್ ಹಾರರ್ಸ್’. ನಮ್ಮ ಪಾತ್ರಗಳನ್ನು ಯಾರೂ ಕೊಲ್ಲಲಾರರು ಎಂದು ಮೀಸೆ ತಿರುವುತ್ತಿದ್ದ ಆಟಗಾರರ ಮೀಸೆ ಇಳಿಸಲೆಂದೇ ಹೂಡಿದ ಸಮಾಧಿ. ಒಳಗೆ ಕಾಲಿಟ್ಟ ಓಣಿಯ ಕೊನೆಯ ಗೋಡೆಯಲ್ಲಿ ಹಸಿರು ರಾಕ್ಷಸ ಮುಖ, ಬಾಯಿ ಆ ಎಂದು ತೆರೆದಿದೆ, ಒಳಗೆ ಕಗ್ಗತ್ತಲೆ. ದಾರಿ ಇದೇ ಇರಬೇಕು ಎಂದು ತೂರಿದವನ ಕಥೆ ಮುಗಿಯಿತು. ಆ ಕತ್ತಲೆ ಎಂಬುದು ಮುಟ್ಟಿದ್ದನ್ನೆಲ್ಲ ಇಲ್ಲವಾಗಿಸುವ ಗೋಳ. ದಾಳ ಇಲ್ಲ, ಅರೆಪೆಟ್ಟಿಲ್ಲ, ಹೂಳಲು ಹೆಣವೂ ಇಲ್ಲ.

ಇದನ್ನು ಕ್ರೌರ್ಯ ಎಂದು ಬೈದವರಿಗೆ ಲೆಕ್ಕವಿಲ್ಲ. ನನಗೆ ಮಾತ್ರ ಇದು ಆ ಸೂಜಿಗಿಂತ ಎಷ್ಟೋ ನ್ಯಾಯವಾಗಿ ಕಾಣುತ್ತದೆ. ಅದೇ ಓಣಿಯ ನೆಲದಲ್ಲಿ ಸಮಾಧಿಯ ಒಡೆಯ ಒಗಟಿನ ಸಾಲುಗಳನ್ನು ಕೊರೆಸಿದ್ದಾನೆ, ಹಸಿರನ್ನು ದೂರವಿಡಿ ಎಂಬ ಸೂಚನೆ ಅದರಲ್ಲೇ ಇದೆ. ಓದದೆ ನುಗ್ಗುವುದು, ಓದಿಯೂ ನುಗ್ಗುವುದು ಎರಡೂ ಆಟಗಾರನ ಸ್ವಂತ ಸಾಹಸ. ಕೋಲು ತೂರಿಸಿ ನೋಡಿದ್ದರೂ ಸಾಕಿತ್ತು, ಕೋಲಿನ ತುದಿ ಮಾಯವಾಗಿ ಸುದ್ದಿ ತಿಳಿಯುತ್ತಿತ್ತು. 1974ರ ಪುಸ್ತಕದ ಸಾಮಾನು ಪಟ್ಟಿಯಲ್ಲೇ ಹತ್ತಡಿಯ ಗಳವೊಂದಿದೆ, ಬೆಲೆ ಒಂದು ಚಿನ್ನದ ನಾಣ್ಯ. ಗೈಗ್ಯಾಕ್ಸ್‌ನ ಗೆಳೆಯ ರಾಬ್ ಕುಂಟ್ಜ್‌ನ ಪಾತ್ರ ಗಳವನ್ನೂ ನಂಬದೆ ತನ್ನ ಆಳುಗಳನ್ನೇ ಮುಂದೆ ಬಿಟ್ಟು ದಾರಿ ಪರೀಕ್ಷಿಸಿತು ಎಂಬ ಕಥೆಯೂ ಆ ಲೋಕದಲ್ಲಿ ಪ್ರಸಿದ್ಧ. ಸಂಬಳದ ಆಳುಗಳಿಗೆ ಸೇವಿಂಗ್ ಥ್ರೋ ಯಾರು ಕೊಟ್ಟರೋ ತಿಳಿಯದು.

ನಮ್ಮಲ್ಲಿ ಈ ಹಸಿರು ಮುಖಕ್ಕೆ ಸರಿಸಾಟಿ ಬೇಕೆಂದರೆ ಅರಣ್ಯಪರ್ವದ ಕೊಳ ಇದೆ. ಬಾಯಾರಿದ ಪಾಂಡವರು ನೀರಿಗೆ ಒಬ್ಬೊಬ್ಬರಾಗಿ ಹೋಗುತ್ತಾರೆ. ಮೊದಲು ನಕುಲ, ಆಮೇಲೆ ಸಹದೇವ, ಅರ್ಜುನ, ಭೀಮ. ನಾಲ್ವರಿಗೂ ಕೊಳ ಕಾಯುವ ಯಕ್ಷನ ಅದೇ ಅಶರೀರವಾಣಿ: ನನ್ನ ಪ್ರಶ್ನೆಗೆ ಉತ್ತರಿಸಿ ಆಮೇಲೆ ಕುಡಿ. ನಾಲ್ವರೂ ಕುಡಿಯುತ್ತಾರೆ, ನಾಲ್ವರೂ ಬೀಳುತ್ತಾರೆ. ಗಾಂಡೀವಿಗೂ ರಿಯಾಯಿತಿ ಇಲ್ಲ, ಗದೆ ಹಿಡಿದವನಿಗೂ ಇಲ್ಲ. ಎರಡನೆಯವನಿಂದ ಮುಂದಕ್ಕಂತೂ ದಡದಲ್ಲಿ ಹೆಣ ಕಣ್ಣಿಗೆ ಬೀಳುತ್ತಿತ್ತು. ಐದನೆಯವನು ನಿಂತ, ಕೇಳಿಸಿಕೊಂಡ, ಉತ್ತರಿಸಿದ. ಒಬ್ಬನನ್ನು ಬದುಕಿಸುತ್ತೇನೆ ಯಾರು ಬೇಕು ಎಂದಾಗ ಮಾದ್ರಿಯ ಮಗನೂ ಒಬ್ಬ ಇರಲಿ ಎಂದು ನಕುಲನನ್ನು ಕೇಳಿದ. ಆ ಉತ್ತರಕ್ಕೆ ಮೆಚ್ಚಿ ಯಕ್ಷ ನಾಲ್ವರನ್ನೂ ಎಬ್ಬಿಸಿದ. ಇಡೀ ಪ್ರಸಂಗದಲ್ಲಿ ದಾಳವೇ ಇಲ್ಲ. ಪಗಡೆಯಲ್ಲಿ ಎಲ್ಲ ಕಳೆದುಕೊಂಡು ಕಾಡು ಸೇರಿದವರಿಗೆ ಕವಿ ದಾಳವಿಲ್ಲದ ಪರೀಕ್ಷೆ ಒಡ್ಡಿದ್ದನ್ನು ನಾನು ಆಕಸ್ಮಿಕ ಎಂದು ಓದಲಾರೆ.

ಆಟದ ಮನೆಗಳ ವಿಷಯದಲ್ಲಿ ಮೈಸೂರು ಸೀಮೆಗೆ ಪಾಠ ಹೇಳುವುದು ಸ್ವಲ್ಪ ಕಷ್ಟ. ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಐದು ವರ್ಷದ ಮಗುವಾಗಿ ಪಟ್ಟಕ್ಕೆ ಬಂದವರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೂ 1868ರವರೆಗೆ ಬದುಕಿದ್ದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯಲ್ಲಿ ಆಟಗಳದೇ ಲೋಕವಿದೆ. ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಂದೊಂದೇ ಸಲ ತುಳಿದು ಸುತ್ತಿ ಬರುವ ದಾರಿಗಳು, ದೇವತೆಗಳ ಹೆಸರಿನ ಗಂಜೀಫದ ಎಲೆಗಳು, ಹೊಸ ಹೊಸ ಮನೆಗಳು. ಚಾಮುಂಡೇಶ್ವರಿ ಛದ ಎಂಬ ಒಂದು ಆಟಕ್ಕೇ 320 ಎಲೆ. ಇಪ್ಪತ್ತು ಮುಖದ ದಾಳ ತೋರಿಸಿದ್ದರೆ ಅವರು ಅದಕ್ಕೂ ಒಂದು ದೇವತಾ ಪರಿವಾರ ಹಚ್ಚಿ ಸಂಜೆಯೊಳಗೆ ಆಟ ಕಟ್ಟಿಬಿಡುತ್ತಿದ್ದರು. ರಾಜ್ಯ ಕೈತಪ್ಪಿದ ದುಃಖಕ್ಕೆ ಆಟಕ್ಕೆ ಬಿದ್ದರು ಎನ್ನುವವರಿದ್ದಾರೆ. ನನಗದು ಅಗ್ಗದ ಊಹೆ ಎನಿಸುತ್ತದೆ. ಇಷ್ಟು ಸೂಕ್ಷ್ಮದ ಲೆಕ್ಕ ದುಃಖದಿಂದ ಹುಟ್ಟುವುದಿಲ್ಲ. ಇಂದು ಮೈಸೂರಿನಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾಕೌಶಲ್ಯ ಎಂಬ ಪ್ರದರ್ಶನ ಏರ್ಪಡಿಸಿ ಚೌಕಾಬಾರ, ಪಗಡೆ, ಹುಲಿ-ಕುರಿ, ಪರಮಪದದ ಪಟಗಳನ್ನು ಮತ್ತೆ ಜನರ ಕೈಗೆ ಕೊಡುತ್ತಿದ್ದಾರೆ.

ಈ ಹಳೆಯ ಪಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾವಿನ ಬಗ್ಗೆ ಒಂದೊಂದರದು ಒಂದೊಂದು ನಿಲುವು. ಪರಮಪದ ಸೋಪಾನದಲ್ಲಿ ಆಯ್ಕೆಯೇ ಇಲ್ಲ. ಗರ ಬಿದ್ದ ಮನೆಗೆ ಹೋಗಬೇಕು, ಅಲ್ಲಿ ಹಾವಿದ್ದರೆ ಇಳಿಯಬೇಕು. ವೈಕುಂಠದ ಬಾಗಿಲ ಬಳಿಯೇ ಬಾಯಿ ತೆರೆದ ದೊಡ್ಡ ಹಾವು. ಅದು ಕರ್ಮದ ಪಾಠ, ಜಾಣತನಕ್ಕೆ ಅಲ್ಲಿ ಕೆಲಸವಿಲ್ಲ. ದೇವಸ್ಥಾನದ ಕಲ್ಲುಹಾಸಿನ ಮೇಲೆ ಕೊರೆದ ಹುಲಿ-ಕುರಿ ಆಟದಲ್ಲಿ ಅದೃಷ್ಟವೇ ಇಲ್ಲ. ಹುಲಿ ಎಲ್ಲಿದೆ, ಯಾವ ಕುರಿಯ ಬೆನ್ನ ಹಿಂದೆ ಮನೆ ಖಾಲಿ ಇದೆ, ಎಲ್ಲವೂ ಇಬ್ಬರ ಕಣ್ಣೆದುರಿಗೆ. ಕುರಿ ಸತ್ತರೆ ತಪ್ಪು ಕುರಿಯವನದು. ಚೌಕಾಬಾರ ನಡುವಿನದು, ಗರ ದೈವದ್ದು, ಯಾವ ಕಾಯಿ ನಡೆಸಬೇಕೆಂಬ ತೀರ್ಮಾನ ನಮ್ಮದು, ಕಟ್ಟೆ ಎಲ್ಲರದು.

ಈ ಮೂರಕ್ಕೂ ಸಮಾನವಾದದ್ದು ಒಂದಿದೆ, ಹುಡುಗರ ಹೊಸ ಆಟಕ್ಕೆ ಇಲ್ಲದ್ದೂ ಅದೇ. ಇವುಗಳಲ್ಲಿ ಮನೆ ಎಲ್ಲರಿಗೂ ಕಾಣುತ್ತದೆ. ಹಾವು ಎಲ್ಲಿದೆ, ಕಟ್ಟೆ ಎಲ್ಲಿದೆ ಎಂಬುದು ಮೊದಲ ಗರಕ್ಕೆ ಮುಂಚೆಯೇ ಗೊತ್ತು. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಲ್ಲಿ ಮನೆ ಇರುವುದು ಕಥೆ ನಡೆಸುವವನ ತಲೆಯೊಳಗೆ. ಆತ ಬಾಯಿ ಬಿಟ್ಟು ಹೇಳಿದಷ್ಟೇ ಲೋಕ. ಸೂಜಿಯ ಬಗ್ಗೆ ಆತ ಒಂದು ಮಾತೂ ಆಡದಿದ್ದರೆ ಆಟಗಾರ ಕುರುಡ. ಕುರುಡನ ಕೈಗೆ ದಾಳ ಕೊಟ್ಟು, ಬಿದ್ದರೆ ಉಳಿದೆ ಎಂದರೆ ಅದು ಹಾವು ಏಣಿಯಾಟಕ್ಕಿಂತ ಒಂದು ಮೆಟ್ಟಿಲು ಕೆಳಗೇ ಆಯಿತು, ಅಲ್ಲಿ ಹಾವಾದರೂ ಕಾಣುತ್ತದೆ. ಉಳಿಯುವ ಗರದ ಜಗಳ ದಾಳ ಎಷ್ಟಕ್ಕೆ ಬೀಳಬೇಕು ಎಂಬಲ್ಲೇ ಸುತ್ತುವುದನ್ನು ನಾನು ನೋಡಿದ್ದೇನೆ. 12 ಬೇಡ, 10 ಮಾಡಿ ಎಂಬಂಥ ಚೌಕಾಸಿ. ಚೌಕಾಸಿ ಆಗಬೇಕಾದದ್ದು ಅಲ್ಲಿಗಿಂತ ಮುಂಚೆ, ದಾಳ ಕೈಗೆ ಬರುವ ಹೊತ್ತಿಗೆ ಆಟಗಾರನಿಗೆ ಏನೇನು ಗೊತ್ತಿತ್ತು ಎಂಬುದರ ಮೇಲೆ.

ಕಾಡಂಚಿನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹನಗೋಡಿನಿಂದ ವೀರನಹೊಸಹಳ್ಳಿ ಕಡೆ ಹೋದರೆ ನಾಗರಹೊಳೆ ಕಾಡು ಶುರು. ಒಂಟಿ ಸಲಗ ಎದುರಾದರೆ ಎರಡನೆಯ ಪೆಟ್ಟು ಬೇಕಾಗುವುದಿಲ್ಲ. ಆದರೂ ಜೇನುಕುರುಬರು ಅದೇ ಕಾಡಿನಲ್ಲಿ ತಲೆತಲಾಂತರದಿಂದ ಓಡಾಡಿಕೊಂಡಿದ್ದಾರೆ. ಬೆಚ್ಚಗಿರುವ ಲದ್ದಿ, ಆಗಷ್ಟೇ ಮುರಿದ ಬಿದಿರು, ಕಡವೆಯ ಕೂಗು, ಗಾಳಿಯ ದಿಕ್ಕು. ಆನೆ ಬರುವ ಮೊದಲು ಅದರ ಸುದ್ದಿ ಬರುತ್ತದೆ, ಓದಬಲ್ಲವನು ದಾರಿ ಬದಲಿಸುತ್ತಾನೆ. ಓದಿಯೂ ನಡೆದವನಿಗೆ, ಗಾಳಿ ತಪ್ಪಿಸಿದವನಿಗೆ ಕಡೆಗೆ ಉಳಿಯುವುದು ಓಟ ಮತ್ತು ಅದೃಷ್ಟ.

ವಿಷದ ವಿಚಾರಕ್ಕೆ ಒಂದು ಮಾತು ಸೇರಿಸಲೇಬೇಕು, ಹಾವಿನ ಸೀಮೆಯಲ್ಲಿ ಕೂತು ಬರೆಯುತ್ತಿರುವುದರಿಂದ. ಆಟದ ವಿಷದಂತೆ ಗರ ಬೀಳದ ಕ್ಷಣಕ್ಕೇ ಕೊಲ್ಲುವ ಹಾವು ನಮ್ಮಲ್ಲಿಲ್ಲ. ಕಟ್ಟುಹಾವು ನಿದ್ದೆಯಲ್ಲಿದ್ದವರನ್ನು ಕಚ್ಚಿದರೆ ಎಷ್ಟೋ ಸಲ ನೋವೇ ಇರುವುದಿಲ್ಲ, ಗಂಟೆಗಳು ಕಳೆದ ಮೇಲೆ ರೆಪ್ಪೆ ಜೋಲುತ್ತದೆ, ಉಸಿರು ಕಟ್ಟುತ್ತದೆ. ನಾಗರಹಾವೂ ಕೊಳಕುಮಂಡಲವೂ ಕಚ್ಚಿದಾಗಲೆಲ್ಲ ವಿಷ ಬಿಡುತ್ತವೆ ಎಂದೇನಿಲ್ಲ. ಬಿಟ್ಟರೂ ಆಸ್ಪತ್ರೆ ಸೇರಿ ಪ್ರತಿವಿಷ ಪಡೆಯಲು ಸಾಮಾನ್ಯವಾಗಿ ಸಮಯವಿರುತ್ತದೆ, ಆ ಸಮಯವನ್ನು ಮಂತ್ರ ಹಾಕಿಸುತ್ತಾ ಕಳೆದರೆ ಮಾತ್ರ ಕಷ್ಟ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕ 2024ರ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿತು. ಆಟದಲ್ಲಿ ವಿಷ ಬಳಸುವವರು ಈ ಅವಧಿಯನ್ನು ಬಳಸಿಕೊಳ್ಳಬಾರದೇಕೆ? ಸೂಜಿ ಚುಚ್ಚಿತು, ಕೈ ಜೋಮು ಹಿಡಿಯುತ್ತಿದೆ, ಬೆಳಗಾಗುವುದರೊಳಗೆ ಮದ್ದು ಸಿಗಬೇಕು ಎಂದರೆ ಅದರಿಂದಲೇ ಒಂದು ರಾತ್ರಿಯ ಕಥೆ ಹುಟ್ಟುತ್ತದೆ. ಸತ್ತೆ ಎಂದುಬಿಟ್ಟರೆ ಹುಟ್ಟುವುದು ಮುನಿಸು ಮಾತ್ರ.

ನಿಯಮ ಬರೆಯುವವರೂ ಕಾಲಕ್ರಮದಲ್ಲಿ ಈ ದಿಕ್ಕಿಗೇ ಸರಿದರು. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಹಳೆಯ ಐದು ಕಾಲಂ ಹೋಗಿ ಮೈಗಟ್ಟಿತನ, ಚುರುಕು, ಮನೋಬಲ ಎಂಬ ಮೂರು ಬಂದವು. ಏನು ಬಡಿಯಿತು ಎಂಬುದರ ಬದಲು ಪಾತ್ರ ಯಾವುದರಿಂದ ತಡೆಯುತ್ತದೆ ಎಂಬ ಪ್ರಶ್ನೆ. 2014ರ ಐದನೇ ಆವೃತ್ತಿಯಲ್ಲಿ ಮೆಡೂಸಾಳ ಕಣ್ಣಿಗೆ ಸಿಕ್ಕವನು ಸಾಮಾನ್ಯವಾಗಿ ಒಂದೇ ಏಟಿಗೆ ಕಲ್ಲಾಗುವುದಿಲ್ಲ. ಮೊದಲ ಗರ ತಪ್ಪಿದರೆ ಕೈಕಾಲು ಬಿಗಿಯತೊಡಗುತ್ತದೆ, ಮುಂದಿನ ಸರದಿಯ ಕೊನೆಗೆ ಇನ್ನೊಂದು ಗರ, ಅದೂ ತಪ್ಪಿದರೆ ಕಲ್ಲು. ಮೊದಲ ಗರವೇ ತೀರಾ ಕೆಟ್ಟು ಬಿದ್ದರೆ ಮಾತ್ರ ತಕ್ಷಣ. ಪ್ರಾಣಶಕ್ತಿ ಸೊನ್ನೆಯಾಗಿ ನೆಲಕ್ಕೆ ಬಿದ್ದವನಿಗೂ ಅದರಲ್ಲಿ ಸಾವಿನ ಗರ ಎಂಬ ಏರ್ಪಾಡು ಇದೆ. ಸರದಿಗೊಂದು ದಾಳ, 10 ಅಥವಾ ಮೇಲೆ ಬಿದ್ದರೆ ಒಂದು ಗೆಲುವು, ಕಡಿಮೆಯಾದರೆ ಒಂದು ಸೋಲು, ಮೂರು ಗೆಲುವಾದರೆ ಜೀವ ಗಟ್ಟಿ, ಮೂರು ಸೋಲಾದರೆ ಮುಗಿಯಿತು. 20 ಬಿದ್ದರೆ ಎದ್ದು ಕೂರುತ್ತಾನೆ, 1 ಬಿದ್ದರೆ ಎರಡು ಸೋಲಿಗೆ ಸಮ. ಯಾರೂ ನೆರವಿಗೆ ಬರದಿದ್ದರೂ ನೂರಕ್ಕೆ ಸುಮಾರು 60 ಮಂದಿ ಉಳಿಯುತ್ತಾರೆ. ನೆರವಿಗೆ ಬರಲು ಗೆಳೆಯರಿಗೆ ಸಿಗುವ ಆ ಎರಡು ಮೂರು ಸರದಿಗಳೇ ಈ ನಿಯಮದ ನಿಜವಾದ ಜಾಣತನ. ಒಬ್ಬನ ಸಾವು ಎಲ್ಲರ ಕೆಲಸವಾಗುತ್ತದೆ.

ಇಷ್ಟೊಂದು ಮೆದುವಾದದ್ದು ಏಕೆ ಎಂದು ಹಳಬರು ಗೊಣಗುತ್ತಾರೆ. ಅವರ ಗೊಣಗಾಟಕ್ಕೂ ಅರ್ಥವಿದೆ, ಕಾರಣ ಮಾತ್ರ ಅವರು ತಿಳಿದಂತೆ ಹುಡುಗರ ಅಳುಬುರುಕುತನವಲ್ಲ. 1974ರಲ್ಲಿ ಒಂದು ಪಾತ್ರ ಕಟ್ಟಲು ಆರು ಗುಣಗಳಿಗೆ ಮೂರು ಮೂರು ದಾಳ ಹಾಕಿ, ಒಂದು ಹೆಸರಿಟ್ಟು, ಕತ್ತಿ ಕೊಂಡರೆ ಆಯಿತು. ಸತ್ತರೆ ಕಾಫಿ ಆರುವುದರೊಳಗೆ ಇನ್ನೊಬ್ಬ ಸಿದ್ಧ. ಈಗಿನ ಹುಡುಗರು ಪಾತ್ರದ ಅಜ್ಜನ ಊರು, ಬಾಲ್ಯದ ಪೆಟ್ಟು, ಸಾಲ, ಪ್ರೇಮ ಎಲ್ಲ ಬರೆದುಕೊಂಡು ಬರುತ್ತಾರೆ, ವರ್ಷಗಟ್ಟಲೆ ಅದೇ ಪಾತ್ರವನ್ನು ಆಡುತ್ತಾರೆ. ಆಗ ಸತ್ತಿದ್ದು ಹೊರಟ ಮನೆಯ ಪಕ್ಕದಲ್ಲಿದ್ದ ಕಾಯಿ, ಈಗ ಸಾಯುವುದು ಹಣ್ಣಾಗಲಿದ್ದ ಕಾಯಿ. ಸಾವಿನ ಬೆಲೆ ಏರಿದ ಮೇಲೆ ಸಾವಿನ ನಿಯಮವೂ ಬದಲಾಗಲೇಬೇಕಿತ್ತು.

ಹಾಗೆಂದು ಸಾವನ್ನು ಪೂರ್ತಿ ತೆಗೆದುಹಾಕಿ ಎನ್ನುವವರ ಜೊತೆ ನಾನಿಲ್ಲ. ಕಡಿಯುವುದೇ ಇಲ್ಲದ ಚೌಕಾಬಾರವನ್ನು ಚಿಕ್ಕ ಮಕ್ಕಳ ಜೊತೆ ಆಡಿ ನೋಡಿ, ಎರಡು ಸುತ್ತಿಗೆ ಮಕ್ಕಳೇ ಎದ್ದು ಹೋಗುತ್ತಾರೆ. ಸಾವು ತುಂಬಿ ತುಳುಕಿದರೂ ಆಟ ಕೆಡುತ್ತದೆ, ಬೇರೆ ರೀತಿಯಲ್ಲಿ. ಪ್ರತಿ ಬಾಗಿಲಿಗೂ ಸೂಜಿ ಇದ್ದೀತೆಂದು ಆಟಗಾರರು ಹತ್ತಡಿ ಗಳ ಹಿಡಿದು ಒಂದೊಂದು ಹಾಸುಗಲ್ಲನ್ನೂ ಚುಚ್ಚುತ್ತಾ ಹೋಗುತ್ತಾರೆ, ಇಡೀ ಸಂಜೆ ಒಂದು ಓಣಿ ದಾಟುವುದರಲ್ಲಿ ಕಳೆಯುತ್ತದೆ. ಇಂಥ ಆಟವನ್ನು ನಾನೊಮ್ಮೆ ಪಕ್ಕದಲ್ಲಿ ಕೂತು ನೋಡಿದೆ. ಸರ್ವೆ ಇಲಾಖೆಯವರು ಜಮೀನು ಅಳೆಯುವುದು ಅದಕ್ಕಿಂತ ರೋಚಕ.

ದಸರಾ ರಜೆಗೆ ಊರಿಗೆ ಬಂದು ಆಟ ನಡೆಸುವ ಹುಡುಗ ಹುಡುಗಿಯರಿಗೆ ನನ್ನ ಕೋರಿಕೆ ಇಷ್ಟೇ. ಕೊಲ್ಲುವ ಬಾಗಿಲು ಇಡಿ, ಧಾರಾಳವಾಗಿ ಇಡಿ. ಅದರ ಮುಂದೆ ಒಂದು ಸತ್ತ ಇಲಿಯನ್ನೂ ಇಡಿ, ಹಿಡಿಯ ಸುತ್ತ ಹಸಿರು ಕಲೆ ಇದೆ ಎಂದು ಬಾಯಿ ಬಿಟ್ಟು ಹೇಳಿ, ಪಕ್ಕದಲ್ಲಿ ಸುತ್ತುದಾರಿಯೊಂದು ಇರಲಿ. ಇಷ್ಟಾದ ಮೇಲೂ ಹಿಡಿಗೆ ಕೈ ಹಾಕಿದವರಿಗೆ ಉಳಿಯುವ ಗರ ಕೊಡುವುದು ನಿಮ್ಮ ದೊಡ್ಡತನ, ಕೊಡದಿದ್ದರೂ ಅನ್ಯಾಯವಲ್ಲ. ಇಲಿ ಇಡದೆ ಕೊಂದಿದ್ದರೆ ಮಾತ್ರ ಆ ಪಾತ್ರವನ್ನು ಹಿಂದಿನ ಕಟ್ಟೆಯಲ್ಲಿ ಎಬ್ಬಿಸಿ ಕೂರಿಸಿ, ಆಟ ಅಲ್ಲಿಂದ ಮುಂದುವರಿಸಿ.